ಹಾಕದೆ ಹೋದ ಕೂಗು

ನವೆಂಬರ್ 16, ಭಾನುವಾರ

ಒಂದು ಕೂಗು ಹಾಕಿದ್ದರೆ ಪಂದ್ಯ ಉಳಿಯುತ್ತಿತ್ತು. ಫುಟ್‌ಬಾಲ್ ಕ್ಲಬ್ಬಿಗೆ ಸೇರಿ ಇದು ನನ್ನ ಮೂರನೇ ಪಂದ್ಯ. ನಮ್ಮ ಡಿಫೆಂಡರ್ ರಾಜಶೇಖರನ ಬೆನ್ನ ಹಿಂದೆ ಅವರ ಸ್ಟ್ರೈಕರ್ ನುಸುಳುವುದನ್ನು ಮಿಡ್‌ಫೀಲ್ಡಿನಿಂದ ನಾನೊಬ್ಬನೇ ಕಂಡೆ. ಐಮಂಗಲದಲ್ಲಿ ಅಪ್ಪನ ಕುರಿ ತಿರುಗಿಸುವಾಗಿನಂತೆ ನಾಲಿಗೆಯಲ್ಲಿ ಟಕಟಕ ಸದ್ದು ಮಾಡಿದೆ, ಅಷ್ಟೇ. ಅಲ್ಲಿ ಅರಚಿದರೆ ಮಂದೆ ಚದುರುತ್ತದೆ. ಇಲ್ಲಿ ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಗೋಲಾಯಿತು.

ಬೈಗುಳವೆಲ್ಲ ರಾಜಶೇಖರನಿಗೆ. ಅವನು ಹೊಸದುರ್ಗದವನು, ನಮ್ಮ ಜಿಲ್ಲೆಯವನೇ. ಬಸ್ಸಿನಲ್ಲಿ ಕೇಳಿದ: "ನಂಗೇನು ಬೆನ್ನಾಗೆ ಕಣ್ಣು ಐತೇನ್ಲೇ? ನೀನಾದ್ರೂ ನೋಡಿದ್ಯಾ?"

ಇಲ್ಲ ಎಂದೆ.

ಮುಂದಿನ ಪಂದ್ಯಕ್ಕೆ ಅವನನ್ನು ಆಡಿಸದೆ ಹೊರಗೆ ಕೂರಿಸುತ್ತಾರಂತೆ. ಕ್ಲಬ್ಬಿನ ಹಾಸ್ಟೆಲಿನಲ್ಲಿ ಕೋಚ್ ಇರುವುದು ನನ್ನ ಪಕ್ಕದ ಕೋಣೆಯಲ್ಲೇ. ಅಲ್ಲಿಗೆ ಕೂಗಬೇಕಾಗಿಯೂ ಇಲ್ಲ, ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ.