ಹೊಗೆ ಓದುವ ಕಣ್ಣು

ಮಿಲ್ಲಿನ ಹಿಂದಿನ ಮನೆ,
ಮಾರ್ಚ್ ೯, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಸೊಂಟನೋವು ಈಗ ವಾಸಿಯೇ? ಮಕ್ಕಳು ಸಮುದ್ರದ ದಂಡೆಯಲ್ಲಿ ಓಡಿ ಓಡಿ ಒಂದು ಗೇಣು ಬೆಳೆದಿರಬೇಕು. ನೀನು ಕಳಿಸಿದ ಫೋಟೋದಲ್ಲಿ ಇಬ್ಬರ ಕೆನ್ನೆಯೂ ಕೆಂಪಗಿದೆ, ನೋಡಿ ಸಂತೋಷವಾಯಿತು. ಈ ಪತ್ರದಲ್ಲಿ ಕೊಂಕಿಲ್ಲದೆ ಬರೆದ ಕೆಲವೇ ಮಾತುಗಳಲ್ಲಿ ಇದೂ ಒಂದು, ನಂಬು. ನಿನ್ನ ಆರೋಗ್ಯವನ್ನು ಬೇರೆಯಾಗಿ ವಿಚಾರಿಸಬೇಕಾಗಿಲ್ಲವೇನೋ. ಬೆಳಿಗ್ಗೆ ಕಿಟಕಿ ತೆಗೆದರೆ ಉಪ್ಪುಗಾಳಿ ಮುಖಕ್ಕೆ ಹೊಡೆಯುತ್ತದೆ, ಎದೆ ಹತ್ತಿಯ ಹಾಗೆ ಹಗುರಾಗುತ್ತದೆ ಎಂದು ನೀನೇ ಬರೆದಿದ್ದೆ. ಆ ಸಾಲನ್ನು ಅಮ್ಮನಿಗೆ ಓದಿ ಹೇಳಿದವಳು ನಾನು. ದಿಂಬಿಗೆ ಒರಗಿಕೊಂಡೇ ಇನ್ನೊಂದು ಸಲ ಓದಿಸಿಕೊಂಡಳು. ನಾನು ಚೆನ್ನಾಗಿದ್ದೇನೆ. ಐವತ್ತು ಹತ್ತಿರವಾಗುತ್ತಾ ಬಂದರೂ ಕಣ್ಣು ಮಾತ್ರ ಮೊದಲಿಗಿಂತ ಚುರುಕಾಗಿದೆ. ಈ ಪತ್ರ ಅದರ ಬಗ್ಗೆಯೇ.

ಮಾಲಿನ್ಯ ಮಂಡಳಿಯ ವಿಚಾರಣೆಯಲ್ಲಿ ಏನಾಯಿತೆಂದು ನಿನ್ನ ವಕೀಲರು ಹೇಳಿರುತ್ತಾರೆ. ಅವರ ಮಾತಿನಲ್ಲಿ ಗೆದ್ದರೆ ವಕೀಲರು ಗೆಲ್ಲುತ್ತಾರೆ, ಸೋತರೆ ಕಕ್ಷಿದಾರ ಸೋಲುತ್ತಾನೆ. ಆದ್ದರಿಂದ ನಾನೇ ಮೊದಲಿನಿಂದ ಹೇಳುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು 'ಆಮೇಲೆ ಮಾತಾಡೋಣ ಪಂಡಿತೆ' ಎಂದು ಇಟ್ಟುಬಿಡುತ್ತೀಯ. ಪತ್ರವನ್ನು ಮಡಿಸಿ ಎಲ್ಲಿಟ್ಟರೂ ಅದು ಮಾತಾಡುತ್ತಲೇ ಇರುತ್ತದೆ.

ಅಮ್ಮ ದಿನಾ ಎದ್ದ ಕೂಡಲೇ ಮಾಡುತ್ತಿದ್ದ ಕೆಲಸ ಯಾವುದು ಗೊತ್ತೇ? ಒದ್ದೆ ಬಟ್ಟೆಯಿಂದ ಕಿಟಕಿಯ ಹಲಗೆ ಒರೆಸುವುದು. ರಾತ್ರಿಯೆಲ್ಲ ಬಿದ್ದ ಮಸಿ ಆ ಬಟ್ಟೆಗೆ ಬಂದ ಮೇಲೆ ಯಾರ ಕಣ್ಣಿಗೂ ಬೀಳದ ಹಾಗೆ ಹಿಂಡಿ, ಬಾಗಿಲ ಹಿಂದೆ ಒಣಗಹಾಕುತ್ತಿದ್ದಳು. ಬಂದವರು ಮೂಗು ಸುಕ್ಕಿಸಿದರೆ ಅವಳಿಗೇ ಅವಮಾನ. ನಾನು ರೇಗಿದರೆ, 'ನಿಮ್ಮಪ್ಪ ಕಟ್ಟಿಸಿದ ಚಿಮಣಿ, ನಿಮ್ಮಣ್ಣ ನಡೆಸ್ತಿರೋ ಚಿಮಣಿ. ಅದು ಉರಿದಿದ್ದಕ್ಕೇ ಕಣೇ ನೀನು ಅಷ್ಟುದ್ದ ಓದಿದ್ದು. ಬಾಯ್ಮುಚ್ಕೊಂಡಿರು' ಎನ್ನುತ್ತಿದ್ದಳು. ನಿನ್ನ ಫೋನ್ ಬಂದಾಗ ಕೆಮ್ಮು ಒತ್ತರಿಸಿದರೆ ಫೋನನ್ನು ಸೀರೆಯಲ್ಲಿ ಅದುಮಿ ಹಿಡಿದು, ಕೆಮ್ಮಿ ಮುಗಿಸಿ, ಮತ್ತೆ ಕಿವಿಗಿಟ್ಟು 'ಹಾಲು ಉಕ್ತಾ ಇತ್ತು ಮಗಾ, ಇಳಿಸಿ ಬಂದೆ' ಅನ್ನುವಳು. ನಮ್ಮ ಮನೆಯಲ್ಲಿ ಎಷ್ಟು ಸಲ ಹಾಲು ಉಕ್ಕಿತು ಅಣ್ಣಾ! ಇಷ್ಟು ಹಾಲು ಎಲ್ಲಿಂದ ಬರುತ್ತದೆ ಎಂದು ನಿನಗೆ ಒಮ್ಮೆಯೂ ಅನುಮಾನ ಬರಲಿಲ್ಲವೇ? ಕೊನೆಯ ವಾರ 'ಕಿಟಕಿ ತೆಗಿಯೇ, ಗಾಳಿ ಸಾಲ್ತಿಲ್ಲ' ಎಂದು ಒಂದೇ ಸಮ ಕೇಳಿದಳು. ತೆಗೆದರೆ ಬರುತ್ತಿದ್ದದ್ದು ನಿನ್ನ ಹೊಗೆ. ಗಾಳಿ ಕೇಳಿದವಳ ಕಿಟಕಿಯನ್ನು ಮುಚ್ಚಿ, ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತವಳು ನಾನು. ಅದು ಸರಿಯಾದ ಕೆಲಸವೇ ಆಗಿತ್ತು. ಸರಿಯಾದ ಕೆಲಸವೊಂದು ಅಷ್ಟು ಕ್ರೂರವಾಗುವ ಹಾಗೆ ಮಾಡಿದವನು ನೀನು.

ಅವಳು ಹೋದ ಮೇಲೆ ನೀನು ಬಂದೆ. ಊರಾಚೆಯ ಹೋಟೆಲಿನಲ್ಲಿ ಇಳಿದೆ. ಹೊರಡುವ ದಿನ ನಾನು ಕಾರಿನ ಬಳಿ ನಿಂತು, ಈ ಬಾಯ್ಲರ್ ಬದಲಾಯಿಸು ಎಂದು ಕೇಳಿಕೊಂಡೆ. ಗಾಜು ಅರ್ಧ ಏರಿಸಿಯೇ ನೀನು ನಕ್ಕೆ. 'ಅದು ಬರೀ ಹಬೆ ಕಣೇ. ಸರ್ಕಾರದೋರು ಯಂತ್ರ ಇಟ್ಟು ಪರೀಕ್ಷೆ ಮಾಡ್ತಾರೆ, ಪ್ರತಿ ಸಲಾನೂ ಪಾಸು. ಕವಿತೆ ಓದೋರ ಕಣ್ಣಿಗೆ ಎಲ್ಲಾ ಕಪ್ಪಾಗೇ ಕಾಣ್ಸೋದು. ನಿನ್ನ ಕಣ್ಣು ಯಾವ ಕೋರ್ಟಿಗೆ ಸಾಕ್ಷಿ ಹೇಳು ನೋಡೋಣ?' ನೀನು ಅದನ್ನು ತಮಾಷೆಗೆ ಅಂದೆ. ನಾನು ಅದನ್ನು ನಿಜವಾದ ಪ್ರಶ್ನೆ ಎಂದೇ ತೆಗೆದುಕೊಂಡು ಉತ್ತರ ಹುಡುಕಲು ಹೊರಟೆ.

ಕೈಗಾರಿಕೆಗಳ ಬಾಯ್ಲರು, ಟರ್ಬೈನು, ಎಂಜಿನುಗಳಿಗೆ ರಾಜ್ಯ ಮಾಡಿರುವ ಗಾಳಿಯ ನಿಯಮಗಳನ್ನು ತರಿಸಿ ಓದಿದೆ. ಟರ್ಬೈನಿನ ಭಾಗ ನನಗೆ ಬೇಕಿರಲಿಲ್ಲ, ಆದರೂ ಓದಿದೆ. ನೀನು ಪುಸ್ತಕವನ್ನು ಹಿಂದಿನಿಂದ ತಿರುವಿಹಾಕುವವನು, ನಾನು ಸಾಲು ಸಾಲಾಗಿ ಓದುವವಳು. ವರ್ಷಾನುಗಟ್ಟಲೆ ಕವಿತೆ ಓದಿದ್ದರಿಂದ ಒಂದು ಅಭ್ಯಾಸ ಬಂದಿದೆ, ಪದವೊಂದು ಸುಮ್ಮನೆ ಕೂತಿದೆ ಅನ್ನಿಸಿದರೆ ಅಲ್ಲೇ ನಿಂತು ನೋಡುತ್ತೇನೆ. ಹಾಗೆ ನಿಂತಲ್ಲಿ ಸಿಕ್ಕಿದ್ದು ಇದು. ಯಂತ್ರದ ಪರೀಕ್ಷೆಗೆ ದಿನ ಗೊತ್ತುಮಾಡಿ, ಮಾಲೀಕನಿಗೆ ಮೊದಲೇ ತಿಳಿಸಬೇಕು. ಆ ದಿನ ನಿನ್ನ ಮ್ಯಾನೇಜರ್ ಒಣ ಸೌದೆಯನ್ನಷ್ಟೇ ಹಾಕಿಸಿ, ಅರ್ಧ ಉರಿಯಲ್ಲಿ ಬಾಯ್ಲರ್ ಓಡಿಸುತ್ತಾನೆ. ಚಿಮಣಿ ಆಗ ತಲೆ ಬಾಚಿ ಶಾಲೆಗೆ ಹೊರಟ ಮಗುವಿನ ಹಾಗಿರುತ್ತದೆ. ಮಾರನೆಯ ದಿನದಿಂದ ಮತ್ತೆ ಅಂಟು ಮೆತ್ತಿದ ರಟ್ಟಿನ ಚೂರು, ಪ್ಲಾಸ್ಟಿಕ್ ಹಾಳೆಯ ಕಸ. ಆದರೆ ಅದೇ ನಿಯಮದ ಕೆಳಗೆ, ಹಳೆಯ ಕಾಲದ್ದು ಎಂದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಾಲಿದೆ. ತರಬೇತಿ ಪಡೆದು ಪಾಸಾದ ಯಾವುದೇ ವ್ಯಕ್ತಿ, ಯಾವುದೇ ದಿನ, ಬರಿಗಣ್ಣಿನಿಂದ ನೋಡಿ ಹೊಗೆ ಎಷ್ಟು ದಟ್ಟವಾಗಿದೆಯೆಂದು ಹೇಳಿದರೆ ಅದು ಸಾಕ್ಷಿ. ನೂರಕ್ಕೆ ಇಪ್ಪತ್ತು ಪಾಲು ದಾಟಬಾರದು, ಅಷ್ಟೇ. ಕಣ್ಣು ಮೊದಲೇ ತಿಳಿಸಿ ಬರಬೇಕಾಗಿಲ್ಲ.

ಹಾಗಾಗಿ ನಾನು ಹೊಗೆ ಶಾಲೆಗೆ ಸೇರಿದೆ. ನಗಬೇಡ, ನಿಜವಾಗಿ ಅದಿದೆ. ಒಂದು ಬಯಲು, ಅದರ ನಡುವೆ ಬೇಕೆಂದಷ್ಟು ಬಿಳಿ ಹೊಗೆ, ಕರಿ ಹೊಗೆ ಬಿಡುವ ಒಂದು ಯಂತ್ರ. ಇಪ್ಪತ್ತು ಮೂವತ್ತು ಜನ ಸೂರ್ಯನಿಗೆ ಬೆನ್ನು ಹಾಕಿ ನಿಂತು ಎಷ್ಟು ಪಾಲು ಎಂದು ಗುರುತು ಹಾಕುವುದು. ಬಾಯ್ಲರ್ ಮೆಕ್ಯಾನಿಕ್ಕುಗಳು, ಮಂಡಳಿಗೆ ಹೊಸದಾಗಿ ಸೇರಿದ ಹುಡುಗಿಯರು, ಅವರ ನಡುವೆ ಕೊಡೆ ಹಿಡಿದ ನಾನು. 'ಕೊಡೆ ಮಡಚ್ರೀ ಮೇಡಂ, ಹೊಗೆ ನಿಮ್ಮನ್ನ ನೋಡೋಕೆ ಬಂದಿಲ್ಲ, ನೀವು ಅದನ್ನ ನೋಡೋಕೆ ಬಂದಿರೋದು' ಎಂದು ಮೇಷ್ಟ್ರು ಮೊದಲ ದಿನವೇ ಗದರಿದರು. ಅವರ ಪಾಠ ಎರಡೇ ಮಾತಿನದು. ಹೊಗೆಯನ್ನು ನೋಡಬೇಡಿ, ಅದರ ಹಿಂದಿದ್ದದ್ದು ಎಷ್ಟು ಮರೆಯಾಯಿತು ಎಂಬುದನ್ನು ನೋಡಿ. ಎವೆಯಿಕ್ಕದೆ ನೋಡಬೇಡಿ, ಕ್ಷಣ ನೋಡಿ ಮುಖ ತಿರುಗಿಸಿ, ಮತ್ತೆ ನೋಡಿ, ಇಲ್ಲವಾದರೆ ಕಣ್ಣು ಹೊಗೆಗೆ ಒಗ್ಗಿಹೋಗುತ್ತದೆ. ಅಂದು ಬಸ್ಸಿನಲ್ಲಿ ಹಿಂತಿರುಗುವಾಗ ಇದನ್ನೇ ಯೋಚಿಸಿದೆ. ನಾವು ಮನೆಯವರೆಲ್ಲ ಆ ಚಿಮಣಿಯಿಂದ ಮುಖ ತಿರುಗಿಸದೆ ಬದುಕಿಬಿಟ್ಟಿದ್ದೆವು. ಅಪ್ಪನ ಕಣ್ಣು ಒಗ್ಗಿತು, ಅಮ್ಮನದೂ ಒಗ್ಗಿತು. ನಿನ್ನದು ಮಾತ್ರ ಒಗ್ಗಲಿಲ್ಲ. ನಿನಗೆ ಅದು ಏನೆಂದು ಸರಿಯಾಗಿ ತಿಳಿದಿತ್ತು. ಅದಕ್ಕೇ ಮಕ್ಕಳನ್ನು ಎತ್ತಿಕೊಂಡು ಸಮುದ್ರದ ಕಡೆಗೆ ಹೋದೆ, ಅಮ್ಮನನ್ನು ಎತ್ತಿಕೊಳ್ಳಲಿಲ್ಲ.

ಮೊದಲ ಸಲ ಕರಿ ಹೊಗೆಯಲ್ಲಿ ಪಾಸಾಗಿ ಬಿಳಿ ಹೊಗೆಯಲ್ಲಿ ಫೇಲಾದೆ. ಎರಡನೆಯ ಸಲ ಎರಡರಲ್ಲೂ ಪಾಸು. ಆಮೇಲೆ ತಿಂಗಳುಗಟ್ಟಲೆ, ಕಾಲೇಜಿಗೆ ರಜೆ ಇದ್ದ ದಿನವೆಲ್ಲ, ಮಿಲ್ಲಿನ ಎದುರಿನ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕೂತೆ. ನಿನ್ನ ಮ್ಯಾನೇಜರ್ ಎರಡು ಸಲ ಟೀ ಕಳಿಸಿದ, ಮೂರನೆಯ ಸಲ ತಾನೇ ಟೀ ಹಿಡಿದು ಬಂದ. 'ಮೇಡಂ, ಅದು ಹಬೆ. ನೀರಿನ ಹಬೆ. ನೀರು ಯಾರಿಗೆ ತೊಂದರೆ ಮಾಡುತ್ತೆ?' ನಾನು ಟೀ ಕುಡಿದೆ, ಚೆನ್ನಾಗಿತ್ತು. ಹಬೆ ಸ್ವಲ್ಪ ದೂರ ಹೋಗಿ ಆಕಾಶದಲ್ಲಿ ಕರಗುತ್ತದೆ, ಅದು ಕರಗಿದ ಮೇಲೂ ಏನು ಉಳಿದು ಮುಂದೆ ಸಾಗುತ್ತದೋ ಅದನ್ನು ಓದುತ್ತಿದ್ದೇನೆ ಎಂದು ಹೇಳಿದೆ. ನಿನ್ನ ಹೊಗೆ ನಮ್ಮ ಮನೆಯ ಮಾಡು ದಾಟಿ, ಶಾಲೆಯ ಮೇಲೆ ಹಾದು, ಆಸ್ಪತ್ರೆಯ ತನಕ ಹೋಗುತ್ತದೆ ಅಣ್ಣಾ. ನಲವತ್ತು, ಐವತ್ತು, ಒಂದೊಂದು ಮಧ್ಯಾಹ್ನ ಅರವತ್ತು. ಎರಡು ಅಂಕಿಗಳ ನಡುವೆ ಅನುಮಾನ ಬಂದಾಗಲೆಲ್ಲ ಕಡಿಮೆಯದನ್ನೇ ಬರೆದೆ. ನಿನ್ನ ಮೇಲಿನ ಪ್ರೀತಿಯಿಂದಲ್ಲ. ನೀನು ಒಂದು ಕೂದಲೆಳೆಯಷ್ಟೂ ಜಾಗ ಸಿಗದೆ ಸಿಕ್ಕಿಬೀಳಬೇಕು ಎಂದು.

ಆ ಅಂಕಿಗಳನ್ನಿಟ್ಟು ನಾನು ಮಂಡಳಿಗೆ ದೂರು ಕೊಟ್ಟ ಸುದ್ದಿ ಹರಡಿದಾಗ, ನಿನ್ನ ಮಿಲ್ಲಿನಲ್ಲಿ ರಟ್ಟಿನ ಪೆಟ್ಟಿಗೆ ಮಡಚುವ ಹೆಂಗಸರು ಮನೆಗೆ ಬಂದರು. ಅವರಲ್ಲಿ ಹಿರಿಯಾಕೆ ಹೊಸ್ತಿಲಲ್ಲೇ ನಿಂತು, 'ಅಕ್ಕಾ, ನೀವು ಅಣ್ಣ ತಂಗಿ ಕಿತ್ತಾಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ನಮ್ಮ ಒಲೆ ಯಾಕೆ ಆರ್ಬೇಕು? ನಿಮ್ಮಣ್ಣ ಮಿಲ್ ಮುಚ್ಚಿದ್ರೆ ಜಾಗ ಮಾರ್ಕೊಂಡು ಹಾಯಾಗಿರ್ತಾನೆ. ನಾವೇನು ನಿಮ್ಮ ಪುಸ್ತಕ ತಿನ್ನೋದಾ?' ಎಂದಳು. ಒಳಗೆ ಬಂದು ಕೂತುಕೊಳ್ಳಿ ಎಂದೆ. ಅವಳ ಮಾತು ನನ್ನ ಸಿಟ್ಟಿಗೆ ದಾರಿ ತೋರಿಸಿತು. ಅಲ್ಲಿಯ ತನಕ ನಿನ್ನ ಮಿಲ್ಲಿನ ಬಾಗಿಲಿಗೆ ಬೀಗ ಬೀಳುವುದನ್ನೇ ಕನಸು ಕಾಣುತ್ತಿದ್ದೆ. ಬೀಗ ನಿನಗೆ ಶಿಕ್ಷೆಯಲ್ಲ, ರಜೆ.

ವಿಚಾರಣೆಯಲ್ಲಿ ನಿನ್ನ ವಕೀಲರು ಗಂಟಲು ಸರಿಮಾಡಿಕೊಂಡು, ಸ್ವಂತ ಅಣ್ಣನ ಮೇಲೆ ನಿಮಗೆ ದ್ವೇಷ ಇದೆಯಲ್ಲವೇ ಎಂದು ಕೇಳಿದರು. ಇದೆ ಎಂದೆ. ಅವರು ಇಲ್ಲ ಎನ್ನುವ ಉತ್ತರಕ್ಕೆ ತಯಾರಾಗಿ ಬಂದಿದ್ದರು, ಪಾಪ. ಹಾಗಾದರೆ ನಿಮ್ಮ ಕಣ್ಣನ್ನು ನಂಬುವುದು ಹೇಗೆ ಎಂದರು. ಹೊಗೆ ಶಾಲೆಯಲ್ಲಿ ಪರೀಕ್ಷೆ ಬರೆದಾಗಲೂ ಈ ದ್ವೇಷ ಇಷ್ಟೇ ಇತ್ತು, ಆದರೂ ಅಲ್ಲಿ ಯಂತ್ರ ತೋರಿಸಿದ್ದನ್ನೇ ನನ್ನ ಕಣ್ಣೂ ಹೇಳಿತು, ಎಂದೆ. ಮಂಡಳಿಯ ಅಧ್ಯಕ್ಷೆ ತಲೆ ತಗ್ಗಿಸಿ ನಕ್ಕದ್ದು ಎಲ್ಲರಿಗೂ ಕಾಣಿಸಿತು. ಆಮೇಲೆ ಅವರು, ದೂರು ಕೊಟ್ಟವರಿಗೆ ಏನು ಪರಿಹಾರ ಬೇಕು ಎಂದು ವಿಚಾರಿಸಿದರು. ನಿನ್ನ ಮ್ಯಾನೇಜರ್ ಕಣ್ಣು ಮುಚ್ಚಿಕೊಂಡ. ಮಿಲ್ಲು ಮುಚ್ಚಬೇಡಿ ಎಂದೆ. ಹೊಸ ಬಾಯ್ಲರ್ ಬರುವ ತನಕ ಈ ಹಳೆಯದನ್ನು ಒಳ್ಳೆಯ ಸೌದೆ ಹಾಕಿ ನಡೆಸಲಿ. ಆದರೆ ಉರಿಯುವ ಪ್ರತಿದಿನ ಚಿಮಣಿಯನ್ನು ಮಾಲೀಕನೇ ನಿಂತು ಓದಬೇಕು. ಮ್ಯಾನೇಜರ್ ಅಲ್ಲ, ವಕೀಲರಲ್ಲ, ಮಾಲೀಕ. ಮೊದಲು ಹೊಗೆ ಶಾಲೆಯಲ್ಲಿ ಪಾಸಾಗಿ ಬರಬೇಕು. ಅವನು ಬಾರದ ದಿನ ಬೆಂಕಿ ಹಾಕುವಂತಿಲ್ಲ, ಆದರೂ ಎಲ್ಲರಿಗೂ ಆ ದಿನದ ಕೂಲಿ ಕೊಡಬೇಕು. ತೀರ್ಪು ಇನ್ನೂ ಬಂದಿಲ್ಲ. ಅಂದ ಹಾಗೆ, 'ತುರ್ತಿಗೆ ಮಾತ್ರ' ಎಂದು ಬರೆಸಿಕೊಂಡಿರುವ ನಿನ್ನ ಡೀಸೆಲ್ ಎಂಜಿನ್ ಇದೆಯಲ್ಲ, ಅದಕ್ಕೆ ನಮ್ಮಲ್ಲಿ ದಿನವೂ ತುರ್ತು. ಅದನ್ನು ಈ ಸಲ ಎತ್ತಲಿಲ್ಲ. ಮುಂದಿನ ವರ್ಷ ನನಗೂ ಏನಾದರೂ ಕೆಲಸ ಬೇಕಲ್ಲ.

ನನಗೆ ಬೇಕಾಗಿರುವುದು ಏನೆಂದು ಬಿಡಿಸಿ ಹೇಳುತ್ತೇನೆ. ನೀನು ಅಮ್ಮನ ಕೋಣೆಯಲ್ಲಿ, ಅವಳ ಮಂಚದ ಮೇಲೆ ಮಲಗಬೇಕು. ಬೆಳಿಗ್ಗೆ ಎದ್ದು ಕಿಟಕಿಯ ಹಲಗೆಯನ್ನು ನಿನ್ನ ಕೈಯಿಂದಲೇ ಒರೆಸಬೇಕು. ಗೋಡೆಯ ಈಚೆ ನಾನಿರುತ್ತೇನೆ, ಚಿಕ್ಕವರಿದ್ದಾಗ ಇದ್ದ ಹಾಗೆಯೇ. ನೀನು ಕೆಮ್ಮಿದರೆ ಕೇಳಿಸುತ್ತದೆ. ಎದ್ದು ಬರುವುದಿಲ್ಲ. ಕೇಳಿಸಿಕೊಳ್ಳುತ್ತೇನೆ.

ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನು ಹರಸುವ ದೊಡ್ಡವರು ಯಾರೂ ಉಳಿದಿಲ್ಲ, ಚಿಕ್ಕವಳಾದರೂ ನಾನೇ ಹರಸುತ್ತೇನೆ. ದೀರ್ಘಾಯುಷಿಯಾಗು. ನೀನು ಎಳೆದುಕೊಳ್ಳುವ ಒಂದೊಂದು ಉಸಿರೂ ನಿನಗೆ ಗೊತ್ತಾಗುತ್ತಿರಲಿ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಪಂಡಿತೆ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮಂಡಳಿಯಿಂದ ಫೋನ್ ಬಂತು. ಕೇಳಿದ್ದನ್ನೆಲ್ಲ ಕೊಟ್ಟಿದ್ದಾರೆ, ಮುಂದಿನ ಸೋಮವಾರದಿಂದ ಜಾರಿ. ಹೊಸ ಬಾಯ್ಲರಿಗೆ ಕಡಿಮೆಯೆಂದರೂ ಒಂದು ವರ್ಷ ಹಿಡಿಯುತ್ತದಂತೆ. ಹೊಗೆ ಮೇಷ್ಟ್ರಿಗೆ ನಿನ್ನ ಹೆಸರು ಕೊಟ್ಟಾಗಿದೆ, ಕೋಣೆ ಗುಡಿಸಿಟ್ಟಿದ್ದೇನೆ. ಇದನ್ನು ಬರೆಯುವುದಕ್ಕಾಗಿಯೇ ಲಕೋಟೆಯನ್ನು ಮತ್ತೆ ಬಿಚ್ಚಿದೆ: ಒಂದು ವರ್ಷ ಬಿಟ್ಟಿರಲಾರೆವು ಎಂದು ಮಕ್ಕಳು ಅಳುತ್ತಾರೆ, ನಿನ್ನ ಕರುಳೂ ಚುರ್ ಅನ್ನುತ್ತದೆ, ಕರೆದುಕೊಂಡು ಬಂದುಬಿಡೋಣ ಅನ್ನಿಸುತ್ತದೆ. ಬೇಡ. ಒಂದು ರಾತ್ರಿಗೂ ಬೇಡ. ಅವರನ್ನು ಈ ಬಾಗಿಲೊಳಗೆ ಬಿಡುವುದಿಲ್ಲ, ನೀನು ಬೈದರೂ ಬಿಡುವುದಿಲ್ಲ. ಒಬ್ಬನೇ ಬಾ.