ಪೀಪಾಯಿ ಚೆಲ್ಲಿಬಿಡು, ನೆವಿಲ್

ಬರ್ನಿ
೧೪ ಜುಲೈ ೨೦೧೬

ನೆವಿಲ್,

ಹೆಸರಿನ ಹಿಂದೆ ಏನು ಸೇರಿಸಬೇಕೆಂದು ತೋಚದೆ ಬರಿಯ ಹೆಸರನ್ನೇ ಬರೆದಿದ್ದೇನೆ. ಎರಡು ವರ್ಷ ಬೇರೆಬೇರೆ ಇದ್ದ ಮೇಲೆ ಪ್ರಿಯ ಎಂದರೂ ಕಷ್ಟ, ಅನ್ನದಿದ್ದರೂ ಕಷ್ಟ.

ನಿನ್ನ ಕಾಗದ ಶುಕ್ರವಾರ ಬಂತು. ಅಕ್ಕ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಓದಿ, "ಎರಡು ವರ್ಷಕ್ಕೆ ಒಂದು ಕಾಗದ, ಅದ್ರಲ್ಲೂ ಬಿಯರ್ ಕಥೆ! ನಿನ್ನ ಗಂಡ ಬದಲಾಗೋ ಪೈಕಿ ಅಲ್ಲ ಕಣೇ" ಎಂದು ನಕ್ಕಳು. ಅವಳಿಗೆ ಬೂಷ್ಟಿನ ವಿಷಯ ಮಾತ್ರ ಕಂಡಿತ್ತು. ಶೆಡ್ಡಿನ ಪೀಪಾಯಿಯಲ್ಲಿರುವ ಇಪ್ಪತ್ತಮೂರು ಲೀಟರ್ ಬಿಯರಿನ ಮೇಲೆ ಹಸಿರುಗಪ್ಪು ಬೂಷ್ಟು, ಫ್ರಿಜ್ಜಿನ ಜಾಡಿಯಲ್ಲೂ ಒಂದು ಚುಕ್ಕೆ. ಮಗ ಹಿಡಿದ ಯೀಸ್ಟು ಲೋಕದಲ್ಲಿ ಈ ಎರಡೇ ಕಡೆ ಉಳಿದಿದೆ ಎಂದು ಬರೆದಿದ್ದೀಯ. ಬೂಷ್ಟನ್ನು ಸೌಟಿನಿಂದ ಎತ್ತಿ ಅಡಿಯದ್ದನ್ನು ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದೀಯ. ಆಗದಿದ್ದರೆ ಹಾಗೆಯೇ ಕುಡಿದು ಮುಗಿಸುತ್ತೀಯಂತೆ, ಚೆಲ್ಲುವುದು ನಿನ್ನಿಂದಾಗದಂತೆ.

ಚೆಲ್ಲಿಬಿಡು. ಇದು ನಾನು ಹೇಳುವುದಲ್ಲ, ಇಪ್ಪತ್ತಾರು ವರ್ಷ ನೀನೇ ಹೇಳಿಕೊಂಡು ಬಂದದ್ದು. ಬಿಳಿಯ ತೆಳು ಕೆನೆಯಾದರೆ ಕಾದು ನೋಡು, ಬಣ್ಣ ಬಂದು ರೋಮ ಎದ್ದರೆ ಚೌಕಾಸಿ ಮಾಡಬೇಡ. ಕಣ್ಣಿಗೆ ಕಾಣುವುದು ಮೇಲಿನದ್ದು ಮಾತ್ರ, ಬೇರು ಒಳಗಿಳಿದಿರುತ್ತದೆ. ಹೋದ ಚಳಿಗಾಲ ನಿನಗೆ ನ್ಯುಮೋನಿಯಾ ಆಗಿತ್ತೆಂದು ಗ್ಲೆನಿಸ್ ಫೋನಿನಲ್ಲಿ ಹೇಳಿದಳು. ಬಿಯರ್ ಸಾಮಾನಿನ ಅಂಗಡಿಯವಳಾದರೂ ಅವಳಿಗೆ ನಿನ್ನ ಎದೆಯ ಚಿಂತೆ ಇದೆ. ಆ ಪುಪ್ಪುಸ ಇಟ್ಟುಕೊಂಡು ಬೂಷ್ಟಿನ ಮೇಲೆ ಬಾಗಿ ನಿಲ್ಲಬೇಡ. ಮುಚ್ಚಳ ಮುಚ್ಚಿಯೇ ಪೀಪಾಯಿಯನ್ನು ಬೇಲಿಯಾಚೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುರಿ. ಒಳಗೆ ಗೀರು ಬಿದ್ದಿದ್ದರೆ ಪೀಪಾಯಿಯನ್ನೂ ಎಸೆ. ಗೀರಿನೊಳಗೆ ತೊಳೆಯುವ ಯಾವ ಸೋಡಾ ನೀರೂ ಇಳಿಯುವುದಿಲ್ಲ. ರಬ್ಬರು ಕೊಳವೆ ಇಟ್ಟುಕೊಳ್ಳಬೇಡ. ಪೀಪಾಯಿಯ ನಲ್ಲಿಯನ್ನು ಬಿಚ್ಚಿ ಎರಡು ಭಾಗ ಮಾಡಿ ನೋಡು, ಕಂದು ಲೋಳೆ ಕಂಡೀತು. ಎಲ್ಲವನ್ನೂ ತೊಳೆದೆ ಎಂದು ಬರೆದಿದ್ದೀಯ, ನಲ್ಲಿಯ ಮಾತಿಲ್ಲ. ದಿನಕ್ಕೆಷ್ಟು ಸಲ ಮುಚ್ಚಳ ತೆಗೆದು ನೋಡಿದೆ ಎಂಬುದೂ ಇಲ್ಲ.

ಜ್ಯಾರಡ್ ಆ ಯೀಸ್ಟು ಹಿಡಿದ ಬೇಸಿಗೆ ನೆನಪಾಗುತ್ತದೆ. ಲೆದರ್‌ವುಡ್ ಮರದ ಹೂಗಳನ್ನು ನಾಲ್ಕು ಜಾಡಿ ಬಾರ್ಲಿ ಮಾಲ್ಟ್ ನೀರಿಗೆ ಉದುರಿಸಿ, ಹೂವಿನ ಮೇಲಿನ ಯೀಸ್ಟು ಅದರಲ್ಲಿ ಬೆಳೆಯಲೆಂದು ಕಿಟಕಿಯಲ್ಲಿ ಸಾಲಾಗಿಟ್ಟಿದ್ದ. ನೀನು ಬಂದು, "ಏನಪ್ಪಾ, ಹೂವಿನ ಅಂಗಡಿ ಇಟ್ಯಾ?" ಎಂದೆ. ಮೂರರಲ್ಲಿ ಬೂಷ್ಟು ಬಂತು, ಅವನೇ ಚೆಲ್ಲಿದ. "ನಾಲ್ಕನೇದೂ ಹೋಗುತ್ತೆ ನೋಡ್ತಿರು" ಎಂದು ನೀನು ಕೆಣಕಿದೆ. ಅವನು, "ಹೋದ್ರೆ ಹೋಗ್ಲಿ ಬಿಡಪ್ಪ, ಮರದ ತುಂಬಾ ಹೂವಿದೆ" ಎಂದ. ನಾಲ್ಕನೆಯದು ನೊರೆಯೆದ್ದಿತು. ಅದರಿಂದ ಮಾಡಿದ ಮೊದಲ ಬಾಟಲಿಯಲ್ಲಿ ಜೇನಿನ ವಾಸನೆಯಿತ್ತು, ಹಿಂದೆಯೇ ಸ್ವಲ್ಪ ಮೆಣಸು. ಹೂವಿನ ಕಾಲ ಮುಗಿದು ಮೂರು ತಿಂಗಳಿಗೆ ಅವನು ಹೋದ. ಅವನಿಗಿನ್ನೂ ಇಪ್ಪತ್ತೆರಡು ವರ್ಷ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ, ಇಲ್ಲದಿದ್ದರೆ ನೀನು ಚೆಲ್ಲುವವನಲ್ಲ. ನೆವಿಲ್, ಆ ಪೀಪಾಯಿಯಲ್ಲಿರುವುದು ಜ್ಯಾರಡ್‌ನ ಯೀಸ್ಟಲ್ಲ. ಜಾಡಿಯಲ್ಲಿರುವುದೂ ಅಲ್ಲ.

ಅವನು ಹೋದ ಎರಡು ತಿಂಗಳಿಗೆ ನಿನ್ನ ತಾಯಿ ಕೊನೆಯ ಹಾಸಿಗೆ ಹಿಡಿದರು, ನೀನು ಮೂರು ವಾರ ಲಾನ್ಸೆಸ್ಟನ್ನಿನಲ್ಲಿದ್ದೆ. ಹೊರಡುವಾಗ ಕಾರಿನ ಕಿಟಕಿ ಇಳಿಸಿ, "ಜಾಡಿಗೆ ವಾರಕ್ಕೊಂದ್ಸಲ ಮಾಲ್ಟ್ ನೀರು ಹಾಕು, ಮರಿಬೇಡ. ಕೊಳಕು ತಾಗಿಸ್ಬೇಡ" ಎಂದೆ. ನಿನ್ನ ತಾಯಿಯ ಮಾತು ಒಂದೂ ಬರಲಿಲ್ಲ. ಎರಡನೆಯ ವಾರ ಜಾಡಿಯ ಮೇಲೆ ತೆಳ್ಳನೆ ಬಿಳಿ ಪೊರೆ ಕಂಡಿತು. ಗಾಬರಿಯಾಯಿತು. ನಾನು ಹಣ್ಣು ಜಾಡಿಗೆ ತುಂಬುವವರ ಮನೆಯವಳು. ಕೆಡದಂತೆ ಉಳಿಸುವುದಕ್ಕೆ ನಮಗೆ ಗೊತ್ತಿರುವುದು ಒಂದೇ ದಾರಿ. ಮುಚ್ಚಳಕ್ಕೆ ಕ್ಲಿಪ್ ಹಾಕಿ, ಏಪ್ರಿಕಾಟ್ ಜಾಡಿಗಳನ್ನು ಇಡುವ ಹಾಗೆ, ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಂದು ಗಂಟೆ ಕುದಿಸಿದೆ. ಯೀಸ್ಟು ಜೀವವಿರುವ ವಸ್ತು ಎಂಬುದು ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಆರಿದ ಮೇಲೆ ಮುಚ್ಚಳ ತೆಗೆದರೆ ಬೆಂದ ಬ್ರೆಡ್ಡಿನ ವಾಸನೆ ಬಂತು. ಮಾಲ್ಟ್ ನೀರು ಹಾಕಿ ಐದು ದಿನ ಕಾದೆ. ಒಂದು ಗುಳ್ಳೆಯೂ ಏಳಲಿಲ್ಲ.

ನೀನು ಬರುವ ಹಿಂದಿನ ದಿನ ಗ್ಲೆನಿಸಳ ಅಂಗಡಿಗೆ ಹೋದೆ. "ನೀನ್ಯಾವಾಗಿಂದ ಬಿಯರ್ ಮಾಡೋಕೆ ಶುರು ಮಾಡ್ದೆ ತಾಯಿ?" ಎಂದು ಕೇಳುತ್ತಲೇ ಅವಳು ಒಂದು ಪೊಟ್ಟಣ ಯೀಸ್ಟು ಕೊಟ್ಟಳು. ಅದೇ ಜಾಡಿಗೆ ಹಾಕಿದೆ, ನೊರೆ ಬಂತು. ನೀನು ತಾಯಿಯ ಮಣ್ಣು ಮುಗಿಸಿ ಬಂದವನು ಕೋಟನ್ನೂ ತೆಗೆಯದೆ ಫ್ರಿಜ್ ತೆರೆದು ಮೂಸಿದೆ. "ಇವ್ನೇ. ಗಟ್ಟಿಯಾಗಿದ್ದಾನೆ" ಎಂದೆ.

ಆಗಲೇ ಹೇಳಬಹುದಿತ್ತು. ಆಮೇಲಿನ ಒಂದು ವರ್ಷ, ಪ್ರತಿ ಬಾಟಲಿ ತೆರೆದಾಗಲೂ ಹೇಳಬಹುದಿತ್ತು. ನೀನು ಗ್ಲಾಸನ್ನು ಬೆಳಕಿಗೆ ಹಿಡಿದು, "ಜೇನು ಬರ್ತಿದೆ, ಗೊತ್ತಾಯ್ತಾ? ಹಿಂದೆ ಮೆಣಸು" ಎನ್ನುತ್ತಿದ್ದೆ. ಹೂಂ ಎನ್ನುತ್ತಿದ್ದೆ ನಾನು. ಅದರಲ್ಲಿ ಜೇನೂ ಇರಲಿಲ್ಲ, ಮೆಣಸೂ ಇರಲಿಲ್ಲ. ಹೂಂ ಎನ್ನುವುದು ಸಾಧ್ಯವಾಗದ ದಿನ ಪೆಟ್ಟಿಗೆ ಕಟ್ಟಿಕೊಂಡು ಅಕ್ಕನ ಮನೆಗೆ ಬಂದೆ.

ಜ್ಯಾರಡ್ ಹೋದ ದಿನ ಬೆಳಿಗ್ಗೆ ಖಾಲಿ ಬಾಟಲಿ ತರಲು ಅವನನ್ನು ಕಳಿಸಿದ್ದು ನೀನು, ಅದಕ್ಕೇ ನಾನು ಬಿಟ್ಟುಹೋದೆ ಎಂದು ನೀನು ತಿಳಿದಿದ್ದೀಯ. ಕಾಗದದ ಕೊನೆಯಲ್ಲಿ ಅದನ್ನು ಬರೆದು, ಆಮೇಲೆ ಹೊಡೆದು ಹಾಕಿದ್ದೀಯ, ಆದರೂ ಓದಲು ಬರುತ್ತದೆ. ಅಲ್ಲ, ನೆವಿಲ್. ತಿರುವಿನಲ್ಲಿ ಹಿಮ ಗಟ್ಟಿಯಾಗಿತ್ತು, ಪಿಕಪ್ ಜಾರಿತು, ಅಷ್ಟೇ. ನಾನು ಕಳಿಸಿದ್ದರೂ ಅದು ಜಾರುತ್ತಿತ್ತು.

ಮೂರು ವರ್ಷದಿಂದ ನೀನು ಕಾಪಾಡಿಕೊಂಡು ಬಂದದ್ದು ಅಂಗಡಿಯ ಪೊಟ್ಟಣವನ್ನು. ಅದಕ್ಕಾಗಿ ನಿನ್ನ ಎದೆಯನ್ನು ಪಣಕ್ಕಿಡಬೇಡ. ಚೆಲ್ಲಿದ ಮೇಲೆ ಒಂದು ಸಾಲು ಬರೆ. ನನ್ನನ್ನು ಬೈದು ಬರೆದರೂ ಸರಿ.

ಬ್ರಾನ್‌ವಿನ್

ಮರೆತ ಮಾತು: ಮೇಲೆ ಬರೆದದ್ದನ್ನು ಮತ್ತೊಮ್ಮೆ ಓದಿದೆ. ಗಾಬರಿಯಲ್ಲಿ ಹೊಳೆಯಲಿಲ್ಲ ಎಂದಿದ್ದೇನೆ. ಸುಳ್ಳು. ನೀನು ಯೀಸ್ಟು ಹಾಕುವ ಮುಂಚೆ ಅಷ್ಟು ವರ್ಷ ಥರ್ಮಾಮೀಟರ್ ಹಿಡಿದು, ಇನ್ನೂ ಬಿಸಿ, ಸಾಯುತ್ತೆ, ತಾಳು ಎಂದು ಹೇಳುತ್ತಿದ್ದವಳು ನಾನೇ. ಅವನು ಹೋದ ಮೇಲೆ ನೀನು ಬೆಳಿಗ್ಗೆ ಎದ್ದು ಫ್ರಿಜ್ ತೆರೆದು ಜಾಡಿಗೆ, "ಏನ್ ಮರಿ, ಎದ್ಯಾ?" ಎನ್ನುತ್ತಿದ್ದೆ. ನನ್ನ ಕಡೆ ತಿರುಗಿ ಒಂದು ಮಾತಾಡದೆ ಶೆಡ್ಡಿಗೆ ಹೋಗುತ್ತಿದ್ದೆ. ಜಾಡಿಯ ಮೇಲೆ ಪೊರೆಯೂ ಇರಲಿಲ್ಲ, ಏನೂ ಇರಲಿಲ್ಲ, ಚೆನ್ನಾಗಿಯೇ ಇತ್ತು. ಒಂದು ಗಂಟೆ ಒಲೆಯ ಪಕ್ಕದಲ್ಲೇ ನಿಂತಿದ್ದೆ. ಯಾವ ನಿಮಿಷದಲ್ಲಾದರೂ ಆರಿಸಬಹುದಿತ್ತು.