ಕಾಗದ ಕುಗ್ಗುವ ತನಕ

ಫೆಬ್ರವರಿ 3, ಬೆಳಗ್ಗೆ

ನಿನ್ನೆ ನೆನೆಹಾಕಿದ್ದ ಗೋಂದು ಕರಗಿದೆ. ಜೇನಿನಷ್ಟು ಮಂದ. ಕಸ ಸೋಸಲು ಟೀ ಸೋಸುವ ಜಾಲರಿಗೆ ಕೈ ಹಾಕಿದೆ — ಸಿಕ್ಕಿಬಿದ್ದೆ. ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿ ಒಮ್ಮೆ ನೋಡಿದಳು, ಅಷ್ಟೇ. ಜಾಲರಿ ವಾಪಸ್ ಗೂಟಕ್ಕೆ. ಹಳೇ ಪಂಚೆ ಹರಿದು ಅದರಲ್ಲೇ ಸೋಸಿದೆ.

ಕೆಮ್ಮಣ್ಣಿನ ಪುಡಿಯನ್ನು ಗಾಜಿನ ಮೇಲೆ ಗೋಂದಿನ ಜೊತೆ ಅರೆದದ್ದಾಯಿತು. ಒಂದು ಚಿಟಿಕೆ ಮಸಿ. ಆಮೇಲೆ ಕಿತ್ತಳೆ ಬಣ್ಣದ ಬೈಕ್ರೋಮೇಟ್ ನೀರು — ಅದು ವಿಷ, ಗ್ಲೌಸ್ ಇಲ್ಲದೆ ಮುಟ್ಟುವ ಹಾಗಿಲ್ಲ. ಕಾಗದಕ್ಕೆ ಬಳಿದು, ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ. ಬೆಳಕು ಬಿದ್ದಲ್ಲಿ ಬಣ್ಣ ಗಟ್ಟಿಯಾಗಿ ಕೂರುತ್ತದೆ, ಬೀಳದಲ್ಲಿ ನೀರಿಗೆ ಕರಗಿಹೋಗುತ್ತದೆ. ಇಷ್ಟೇ ವಿದ್ಯೆ. ಮುಂದಿನ ಕೋಣೆಯ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ನಿಂತ ಕಾಲಲ್ಲೇ ಕೊಡುತ್ತೇನೆ. ಹಿಂದಿನ ಕೋಣೆಯಲ್ಲಿ ಒಂದು ಚಿತ್ರಕ್ಕೆ ವಾರ ಹಿಡಿಯುತ್ತದೆ. ಮಗಳು ಇದಕ್ಕೆ 'ಅಪ್ಪನ ಹುಚ್ಚು' ಎಂದು ಹೆಸರಿಟ್ಟಿದ್ದಾಳೆ.

ಇವತ್ತಿನ ಚಿತ್ರ ಸೇತುವೆಯದು. ಬಣ್ಣ ಹೆಚ್ಚಾಗಿ ಆಕಾಶವೆಲ್ಲ ಕಲೆ.

ಫೆಬ್ರವರಿ 6

ಹೆಂಡತಿಯ ಎಡಗಿವಿಯ ಕೆಳಗಿನ ಗಂಟು ಕೆಟ್ಟದ್ದಲ್ಲ. ರಿಪೋರ್ಟ್ ಬಂತು. ಅಬ್ಬಾ ಎಂದುಕೊಳ್ಳುವಷ್ಟರಲ್ಲಿ ಡಾಕ್ಟರು ಇನ್ನೊಂದು ಹೇಳಿದರು. ಬೆಳೆಯುತ್ತಿದೆ, ತೆಗೆಯಲೇಬೇಕು. ಮುಖದ ನರ ಅದರೊಳಗಿಂದಲೇ ಹಾದುಹೋಗುತ್ತದಂತೆ. ಆಪರೇಷನ್ ಆದಮೇಲೆ ಬಾಯಿ ಒಂದು ಕಡೆ ಜೋತುಬೀಳಬಹುದು. ಸರಿಹೋಗಬಹುದು, ಹೋಗದೆಯೂ ಇರಬಹುದು. 21ಕ್ಕೆ ದಿನ ಕೊಟ್ಟರು.

ಇವಳು ಕೇಳಿದ್ದು ಒಂದೇ ಪ್ರಶ್ನೆ, ತುಟಿಯಲ್ಲಿ ಗುಂಡುಪಿನ್ ಕಚ್ಚಿಕೊಳ್ಳಲು ಆಗುತ್ತದೋ ಇಲ್ಲವೋ ಅಂತ. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ — ಟೈಲರು, ಅಳತೆ ಹಿಡಿಯುವಾಗ ಪಿನ್ನೆಲ್ಲ ಬಾಯಲ್ಲೇ.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದಳು:

"ಕಂಡೋರ ಮುಖನೆಲ್ಲ ತೆಗೆದಿದ್ದೀರಿ. ನಂದೂ ಒಂದು ತೆಗೀರಿ, ಈಗಿರೋ ಹಾಗೆ. ಫೋನಲ್ಲಿ ಬೇಡ. ಆ ನಿಮ್ಮ ಕಾಗದದ ಮೇಲೆ ಮಾಡಿ. ಹೋಗೋದ್ರೊಳಗೆ ನಾನು ನೋಡ್ಬೇಕು."

ದೀಪದ ಬುಡದಲ್ಲಿ ಕತ್ತಲು. ಮದುವೆಯ ಆಲ್ಬಮ್ ಬಿಟ್ಟರೆ ಇವಳದೊಂದು ಒಳ್ಳೆ ಫೋಟೋ ಮನೆಯಲ್ಲಿಲ್ಲ.

ಫೆಬ್ರವರಿ 8

ಕಿಟಕಿಯ ಬೆಳಕಲ್ಲಿ ಕೂರಿಸಿದೆ. ಕಲ್ಲಿನ ಹಾಗೆ ಕೂತಳು. ಅಂಗಿ ತಿರುವುಮುರುವಾಗಿ ಹಾಕಿಕೊಂಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅವಳು ಗಮನಿಸಿ ನಕ್ಕಳು. ಸಿಕ್ಕಿತು. ನಗು ಮೊದಲು ಏರುವುದು ಎಡ ತುದಿಯಲ್ಲಿ. ಇಷ್ಟು ವರ್ಷ ಜೊತೆಗಿದ್ದೂ ಅದು ಕಂಡದ್ದು ಕ್ಯಾಮೆರಾದೊಳಗೆ.

ಮಧ್ಯಾಹ್ನವೆಲ್ಲ ಕಾಗದದ ಚಿಂತೆ. ಬಣ್ಣದ ಮೂರು ಪದರ ಒಂದರ ಮೇಲೊಂದು ಕೂರಬೇಕು; ತೆಳುವಾದದ್ದು ಮೂರು ಸಲ ನೀರಿಗಿಳಿದರೆ ಹರಿಯುತ್ತದೆ. ನುಣುಪಾದದ್ದರಿಂದ ಬಣ್ಣ ಜಾರುತ್ತದೆ. ಹಳದಿ ಛಾಯೆಯದು ಬೇಡ, ಕಾಮಾಲೆ ಬಂದವಳ ಹಾಗೆ ಕಾಣುತ್ತಾಳೆ. ಕೊನೆಗೆ ಹತ್ತಿಯ ದಪ್ಪ ಕಾಗದ, ಹೊಸ ಕಟ್ಟು. ಬಟ್ಟೆ ನೋಡುವ ಹಾಗೆ ಬೆರಳಲ್ಲಿ ಹೊಸೆದು ನೋಡಿದಳು. ನೆನೆಸಿ ಕುಗ್ಗಿಸಿಕೊಂಡಿದ್ದೀರಾ ಎಂದು ಕೇಳಿದಳು. ಮಾಡ್ತೀನಿ ಅಂದೆ. ನನಗೆ ಹೇಳಿಕೊಡಬೇಕೇ.

ಫೆಬ್ರವರಿ 13

ಮೋಡ. ಐದು ದಿನದಿಂದ ಹೀಗೇ.

ಬಣ್ಣ ಮಾತ್ರ ಕೂಡಿಬಂತು. ಮೊದಲ ಪದರಕ್ಕೆ ತಿಳಿ ಕೆಮ್ಮಣ್ಣು, ಎರಡನೆಯದಕ್ಕೆ ಕಂದು, ಮೇಲೆ ಕೂದಲಿಗೆ ಚೂರು ಮಸಿ. ಗಾಜಿನ ಮೇಲೆ ಬಳಿದಿಟ್ಟು ಅವಳ ಮುಂಗೈ ಪಕ್ಕ ಹಿಡಿದು ನೋಡಿದೆ. "ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕ್ತಿದ್ದೀರಾ?" ಎಂದಳು.

ಫೆಬ್ರವರಿ 17, ಬೆಳಗ್ಗೆ

ಬಿಸಿಲು! ನಾಳೆ ಇರುತ್ತದೋ ಇಲ್ಲವೋ. ಕಾಗದ ಬಿಸಿನೀರಲ್ಲಿ ನೆನೆಸಿ ಒಣಗಿಸಲು ಒಂದು ದಿನ ಹೋಗುತ್ತದೆ. ದಪ್ಪ ಕಾಗದ, ಎಷ್ಟು ತಾನೇ ಕುಗ್ಗೀತು. ಬಣ್ಣ ಒಳಗೆ ಇಂಗದಿರಲಿ ಎಂದು ನೇರ ಜೆಲಟಿನ್ ಬಳಿದು ಫ್ಯಾನ್ ಕೆಳಗಿಟ್ಟಿದ್ದೇನೆ.

ಸಂಜೆ

ಮೊದಲ ಪದರ ಬಂತು. ಟ್ರೇಯಲ್ಲಿ ಬೋರಲು ತೇಲಿಬಿಟ್ಟಿದ್ದೆ. ಬಣ್ಣ ಹೊಗೆಯ ಹಾಗೆ ಇಳಿಯಿತು. ತಿರುಗಿಸಿದರೆ ಇವಳು. ಮಸುಕು, ಆದರೆ ಇವಳೇ. ಯಾರಿಗೂ ತೋರಿಸಿಲ್ಲ.

ಫೆಬ್ರವರಿ 18

ಆತುರಗಾರನಿಗೆ ಬುದ್ಧಿ ಮಟ್ಟ.

ಒಣಗಿದ ಕಾಗದ ಕುಗ್ಗಿದೆ. ನೆಗೆಟಿವ್ ಕುಗ್ಗುತ್ತದೆಯೇ? ಎರಡನೇ ಪದರ ಬಳಿದು ಅದೇ ನೆಗೆಟಿವ್ ಮತ್ತೆ ಕಣ್ಣಿಗೆ ಕಣ್ಣು ಕೂರಿಸಿದೆ, ಸರಿಯಿದೆ ಎಂದುಕೊಂಡು ಬಿಸಿಲಿಗಿಟ್ಟೆ. ತೊಳೆದು ನೋಡಿದರೆ ಬಾಯಿ ಎರಡೆರಡು. ಹೊಸ ಪದರದ ಎಡ ತುದಿ ಹಳೆಯದಕ್ಕಿಂತ ಕೆಳಗೆ ಜಾರಿದೆ. ಜೋತುಬಿದ್ದಿದೆ.

ಬೇರೆ ಕಡೆ ಎಲ್ಲಾದರೂ ಜಾರಬಾರದಿತ್ತೇ. ಅಪಶಕುನ ಗಿಪಶಕುನ ನಂಬುವವನಲ್ಲ. ಆದರೂ ಕಾಗದದ ಕಟ್ಟಿನ ತಳಕ್ಕೆ ಹಾಕಿ ಮುಚ್ಚಿಟ್ಟೆ.

ಇನ್ನೊಂದು ಹಾಳೆ ನೆನೆಸಿದೆ. ಮತ್ತೆ ಮೋಡ.

ಫೆಬ್ರವರಿ 20

ಎಲ್ಲಿಗೆ ಬಂತು ಎಂದು ಕೇಳಿದಳು. ಒಣಗ್ತಾ ಇದೆ ಅಂದೆ. ಸುಳ್ಳು ಎಂದು ಗೊತ್ತಾಯಿತು ಅವಳಿಗೆ. ಬ್ಯಾಗಿಗೆ ಟವೆಲ್ ತುಂಬುತ್ತಿದ್ದಳು. ಕೇಳಿದ್ದು ಒಂದೇ ಒಂದು. ಅದನ್ನೂ ಕೊಡಲಿಲ್ಲ ನಾನು.

ಮಾರ್ಚ್ 4

ಹೊಲಿಗೆ ಬಿಚ್ಚಿದರು. ಗಂಟು ಪೂರ್ತಿ ಹೋಗಿದೆ. ನರ ತುಂಡಾಗಿಲ್ಲ, ಸುಸ್ತಾಗಿದೆ, ಕಾಯಬೇಕು ಎಂದರು. ಎಡಗಡೆ ಅಲುಗುವುದಿಲ್ಲ. ನೀರು ಕುಡಿದರೆ ಆ ಕಡೆಯಿಂದ ಸೋರುತ್ತದೆ.

ಮಾರ್ಚ್ 9

ಮಾತಾಡುವಾಗ ಬಾಯಿಗೆ ಕೈ ಅಡ್ಡ. ನನ್ನ ಜೊತೆಗೂ. ಗಿರಾಕಿಗಳು ಬಂದರೆ ಅಳತೆ ಹಿಡಿಯಲು ಮಗಳನ್ನು ಕಳಿಸುತ್ತಾಳೆ. ಟ್ರಯಲ್ ಕೋಣೆಯ ಕನ್ನಡಿಗೆ ಬಟ್ಟೆ ಇಳಿಬಿಟ್ಟಿದ್ದಾಳೆ. ಹಿಂದಿನ ಕೋಣೆಗೆ ನಾನೂ ಕಾಲಿಟ್ಟಿಲ್ಲ.

ಮಾರ್ಚ್ 12

ಪ್ಯಾಟರ್ನ್ ಕತ್ತರಿಸಲು ದಪ್ಪ ಕಾಗದ ಬೇಕಾಗಿತ್ತಂತೆ. ಕಟ್ಟು ಬಿಚ್ಚಿದ್ದಾಳೆ, ತಳದ ತನಕ.

ಬಾಗಿಲಲ್ಲಿ ನಿಂತು ನೋಡಿದೆ. ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೋಗಿ ಕಿತ್ತುಕೊಳ್ಳಬೇಕೆನಿಸಿತು. ಅವಳ ಬೆರಳು ಮೇಲಿನ ಬಾಯಿಂದ ಕೆಳಗಿನ ಬಾಯಿಗೆ ಇಳಿಯಿತು.

"ನೆನೆಸಲಿಲ್ಲ ಅಲ್ವಾ?"

ಇಲ್ಲ ಅಂದೆ.

"ಡಾಕ್ಟರಿಗಿಂತ ಮುಂಚೆ ನೀವೇ ಕೈಯಾಡಿಸಿದ್ದೀರಿ."

ಎಂದು ನಕ್ಕಳು. ಬಲಗಡೆ ಮಾತ್ರ ಏರಿತು. ಕೈಯಲ್ಲಿ ಚಿತ್ರ ಇತ್ತು, ಬಾಯಿ ಮುಚ್ಚಿಕೊಳ್ಳಲು ಮರೆತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಕೂತು ಅತ್ತೆ, ಅವಳೆದುರೇ. ಮೂಗು ಒರೆಸಿಕೊಳ್ಳಲು ಕತ್ತರಿಸಿದ ಬಟ್ಟೆಯ ಚೂರು ಎಸೆದಳು.

ಆಮೇಲೆ ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ. "ಇನ್ನೊಂದು ಮಾಡಿ. ಈ ಸಲ ಕಾಗದ ಮೊದಲು ನೆನೆಸಿ. ಎಷ್ಟು ಕುಗ್ಗುತ್ತೋ ಕುಗ್ಗಲಿ. ಆಮೇಲೆ ಬಂದು ಕೂರ್ತೀನಿ."

ಹಳೇ ನೆಗೆಟಿವ್ ಇದೆಯಲ್ಲ, ಕೂರುವುದೇಕೆ ಎಂದೆ. ಅವಳು ಪ್ಯಾಟರ್ನ್ ಕತ್ತರಿಸಲು ಹೋದಳು.

ಮಾರ್ಚ್ 13

ಕಾಗದ ಬಿಸಿನೀರಿನಲ್ಲಿ. ಆತುರವಿಲ್ಲ.

ಮಾರ್ಚ್ 14

ಮತ್ತೊಮ್ಮೆ ನೆನೆಸಿದೆ. ಹಗ್ಗದ ಮೇಲೆ ಅವಳ ಕ್ಲಿಪ್ಪಿಗೆ ನೇತುಹಾಕಿದ್ದೇನೆ. ಕ್ಲಿಪ್ಪು ವಾಪಸ್ ಬರಬೇಕು ಎಂದು ಎಚ್ಚರಿಕೆ.

ಮಾರ್ಚ್ 16, ಬೆಳಗ್ಗೆ

ಜೆಲಟಿನ್ ಒಣಗಿದೆ. ಕೆಮ್ಮಣ್ಣು ಅರೆಯಲು ಕೂತಿದ್ದೆ, ಕರೆಯುತ್ತಿದ್ದಾಳೆ. ಬಿಸಿಲು ಕಿಟಕಿಗೆ ಬಂತಂತೆ. ಕುರ್ಚಿ ತಾನೇ ಎಳೆದುಕೊಂಡಿದ್ದಾಳೆ. ಇಲ್ಲಿಂದಲೇ ಕಾಣುತ್ತದೆ — ಎಡಗೆನ್ನೆ ಬೆಳಕಿನ ಕಡೆಗೆ ತಿರುಗಿಸಿಕೊಂಡು, ಎರಡೂ ಕೈ ಮಡಿಲಲ್ಲಿ. ಕ್ಯಾಮೆರಾ ಎಲ್ಲಿ... ಅಂಗಿ ಸರಿ ಹಾಕಿಕೊಂಡಿದ್ದೀರಾ ನೋಡಿಕೊಂಡು ಬನ್ನಿ ಎನ್ನುತ್ತಿದ್ದಾಳೆ, ನೋಡಿದರೆ ಇವತ್ತೂ —